ಹಾಲು ಉಕ್ಕಿದ ಇಂಜಿನ್ನು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನನ್ನ ನೆನಪಿನಲ್ಲಿ ಆ ಇಂಜಿನ್ನಿಗೆ ಹಸಿರು ಬಣ್ಣವಿದೆ. ನನ್ನದೇ ಕೈಬರಹದ ದಿನಚರಿ ‘ಕಪ್ಪು ಬಣ್ಣ, ಎರಡು ಕೈ ಬಳಿದದ್ದು’ ಎನ್ನುತ್ತದೆ. ಅದು ಓಡಿದ ದಿನ ಜಿಟಿಜಿಟಿ ಮಳೆಯಿತ್ತು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ದಿನಚರಿಯಲ್ಲಿ ‘ಒಳ್ಳೆ ಬಿಸಿಲು’ ಎಂದಿದೆ. ಕಣದಲ್ಲಿ ಭತ್ತ ಹರವಿದ ದಿನ ಮಳೆ ಬಂದಿದ್ದರೆ ಯಾರೂ ಇಂಜಿನ್ನು ನೋಡುತ್ತ ನಿಂತಿರುತ್ತಿರಲಿಲ್ಲ, ಅದೂ ಸರಿಯೇ. ಅವತ್ತು ನಾವೆಲ್ಲ ತೊಯ್ದು ತೊಪ್ಪೆಯಾಗಿದ್ದೆವು ಎಂಬುದು ಮಾತ್ರ ಮನಸ್ಸಿನಲ್ಲಿ ಉಳಿದು, ಅದು ತನಗೆ ಬೇಕಾದ ಮಳೆಯನ್ನು ತಾನೇ ತಂದುಕೊಂಡಿರಬೇಕು.

ಕಳೆದ ತಿಂಗಳು ನ್ಯಾಮತಿಯಲ್ಲಿ ಬಸ್ಸಿಗೆ ಕಾಯುತ್ತ ಒಂದು ಸಣ್ಣ ಹೋಟೆಲಿನಲ್ಲಿ ಕೂತಿದ್ದೆ. ಈಗಲೂ ಭತ್ತದ ಹೊಟ್ಟಿನ ಒಲೆ ಇಟ್ಟುಕೊಂಡಿರುವ ಹೋಟೆಲು. ಮಾಲೀಕ ಯಾರೊಂದಿಗೋ ಮಾತಿಗೆ ನಿಂತಿದ್ದಾಗ ಹಾಲು ಉಕ್ಕಿ ಒಲೆಗೆ ಸುರಿಯಿತು. ಹೊಟ್ಟಿನ ಹೊಗೆ, ಸೀದ ಹಾಲು, ಎರಡೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನಾನು ಹೊನ್ನಾಳಿಯ ಹೊಳೆದಂಡೆಯ ರೈಸ್ ಮಿಲ್ಲಿನ ಅಂಗಳದಲ್ಲಿ ಇಪ್ಪತ್ತೊಂದು ವರ್ಷದವಳಾಗಿ ನಿಂತಿದ್ದೆ. ಮನೆಗೆ ಬಂದು ಟ್ರಂಕಿನ ತಳದಿಂದ ದಿನಚರಿ ತೆಗೆದೆ. ಈ ಬರಹದಲ್ಲಿ ನಂಬಬಹುದಾದದ್ದು ಅದರದು, ಉಳಿದದ್ದು ನನ್ನದು.

ಎಂಬತ್ತೊಂದನೇ ಇಸವಿ. ದಾವಣಗೆರೆಯಲ್ಲಿ ಬಿ.ಎಸ್ಸಿ. ಮುಗಿಸಿ, ಬಿ.ಎಡ್. ಸೀಟು ಆ ವರ್ಷ ಸಿಗದೆ ಸುಮ್ಮನೆ ಕೂತಿದ್ದೆ. ‘ಇಲ್ಲಿ ಕೂತು ಗೋಡೆ ನೋಡೋ ಬದ್ಲು ಮಾವನ ಮನೇಲಿ ಇರು’ ಎಂದು ಅವ್ವ ನನ್ನನ್ನು ಹೊನ್ನಾಳಿಗೆ ಅಟ್ಟಿದಳು. ಅವ್ವನ ತಮ್ಮ ರುದ್ರಪ್ಪ ಮಾವ ರೈಲ್ವೆ ಶೆಡ್ಡೊಂದರಲ್ಲಿ ಉಗಿ ಇಂಜಿನ್ನುಗಳ ಫಿಟ್ಟರ್ ಆಗಿದ್ದವನು. ಡೀಸೆಲ್ ಬಂದ ಮೇಲೆ ಅವನನ್ನು ಸ್ಟೋರಿನಲ್ಲಿ ನಟ್ಟು ಬೋಲ್ಟು ವಿಂಗಡಿಸಲು ಕೂರಿಸಿದರು. ‘ಇನ್ನು ಈ ದೇಶದಲ್ಲಿ ಹೊಸ ಉಗಿ ಇಂಜಿನ್ನನ್ನ ಯಾರೂ ಕಟ್ಟೋದಿಲ್ಲ ರುದ್ರಪ್ಪ, ನೀನು ಕಲಿತದ್ದನ್ನ ಮರೆತುಬಿಡು’ ಎಂದನಂತೆ ಒಬ್ಬ ಎಳೆ ವಯಸ್ಸಿನ ಆಫೀಸರ. ಮಾವ ನಿವೃತ್ತಿ ಬರೆದುಕೊಟ್ಟು, ರೈಲೇ ಬಾರದ ಹೊನ್ನಾಳಿಗೆ ಬಂದು ರೈಸ್ ಮಿಲ್ಲಿನ ಫಿಟ್ಟರನಾದ. ಮರೆಯಲಿಲ್ಲ.

ಆ ಮಿಲ್ಲಿನಲ್ಲಿ ಭತ್ತ ಒಣಗಿಸುವ ಕಣದಿಂದ ಮಿಲ್ಲಿನ ಬಾಗಿಲವರೆಗೆ ಟ್ರಾಲಿಯ ಹಳಿ ಇತ್ತು. ಇನ್ನೂರು ಗಜ ಇದ್ದಿರಬೇಕು, ಕೊನೆಯಲ್ಲಿ ಸಣ್ಣ ಏರು. ಹಮಾಲರು ಚೀಲ ತುಂಬಿದ ಟ್ರಾಲಿಗೆ ಭುಜ ಕೊಟ್ಟು ತಳ್ಳುತ್ತಿದ್ದರು. ಆ ಹಳಿಯ ಮೇಲೆ ಓಡುವ ಒಂದು ಪುಟ್ಟ ಉಗಿ ಇಂಜಿನ್ನನ್ನು ಹೊಸದಾಗಿ ಕಟ್ಟುತ್ತೇನೆ ಎಂದು ಮಾವ ಮಿಲ್ಲಿನ ಸಾವ್ಕಾರ್ ಚನ್ನಬಸಪ್ಪನವರನ್ನು ಒಪ್ಪಿಸಿದ್ದ. ಒಪ್ಪಿಸಿದ್ದ ಎನ್ನುವುದು ದೊಡ್ಡ ಮಾತು. ಸಾವ್ಕಾರರ ಅಳಿಯ ಟ್ರಾಕ್ಟರ್ ತರೋಣ ಎನ್ನುತ್ತಿದ್ದ. ಅಳಿಯನ ಮಾತು ಕೇಳಲು ಸಾವ್ಕಾರರಿಗೆ ಇಷ್ಟವಿರಲಿಲ್ಲ, ಅಷ್ಟೆ.

“ನೋಡು ರುದ್ರಪ್ಪ, ಸುಗ್ಗಿ ಮೊದಲ್ನೇ ಭತ್ತ ಕಣಕ್ಕೆ ಬಿದ್ದ ದಿನ, ಹೊತ್ತು ಮುಳುಗಾದ್ರೊಳಗೆ ಎರಡು ಟ್ರಾಲಿ ಎಳದು ತೋರ್ಸು. ಎಳದ್ರೆ ಅದು ನಿನ್ನ ಇಂಜಿನ್ನು. ಇಲ್ಲಾಂದ್ರೆ ಅದೇ ದಿನ ಗುಜರಿ ಲಾರಿ. ಆಮೇಲೆ ಅತ್ತು ಕರೆದು ಮಾಡಂಗಿಲ್ಲ.”

“ಆಗ್ಲಿ ಸಾವ್ಕಾರ್ರೆ,” ಎಂದ ಮಾವ.

ಆಷಾಢದಲ್ಲಿ ಕೆಲಸ ಶುರುವಾಯಿತು. ಹಳೇ ಬಾಯ್ಲರ್ ಒಂದನ್ನು ತಂದು ರಿಪೇರಿ ಮಾಡಿದರೆ ಸುಲಭವಲ್ಲವೇ ಎಂದು ನಾನು ಕೇಳಿದ್ದೆ. ಮಾವ ಮುಖ ಗಂಟಿಕ್ಕಿಕೊಂಡ. “ಹಳೇದನ್ನ ರಿಪೇರಿ ಮಾಡಿದ್ರೆ ರಿಪೇರಿ ಮಾಡ್ದ ಅಂತಾರೆ. ಕಟ್ದ ಅನ್ನಲ್ಲ.” ತಗಡು ಹೊಸದು, ಚಕ್ರ ಹೊಸದು, ಸಿಲಿಂಡರು ಹೊಸದಾಗಿ ಎರಕ ಹುಯ್ಯಿಸಿದ್ದು. ಹಳಿ ಮಾತ್ರ ಹಳೇದು.

ಅವನ ಹತ್ತಿರ ನಕ್ಷೆ ಇರಲಿಲ್ಲ. ಶೆಡ್ಡಿನಲ್ಲಿ ಕಲಿತದ್ದೆಲ್ಲ ಕೈಯಲ್ಲಿತ್ತು. ಬೆಳಿಗ್ಗೆ ಮಿಲ್ಲಿನ ಗಾರೆ ನೆಲದ ಮೇಲೆ ಮಂಡಿಯೂರಿ, ಸೀಮೆಸುಣ್ಣದಲ್ಲಿ ಅವತ್ತಿನ ಭಾಗವನ್ನು ಅದರ ನಿಜವಾದ ಅಳತೆಯಲ್ಲೇ ಬರೆಯುತ್ತಿದ್ದ. ತಗಡನ್ನು ಆ ಗೆರೆಯ ಮೇಲೇ ಇಟ್ಟು ಗುರುತು ಮಾಡಿ ಕತ್ತರಿಸುತ್ತಿದ್ದ. ಸಂಜೆ ಕಸ ಗುಡಿಸುವ ಹನುಮವ್ವ ಬಂದು ಪಿಸ್ಟನ್ನು, ಚಕ್ರ ಎಲ್ಲವನ್ನೂ ಪೊರಕೆಯಲ್ಲಿ ಒರೆಸಿ ಹೋಗುತ್ತಿದ್ದಳು. ಅದು ಅಳಿಸಿ ಹೋಗುವ ಮೊದಲು ಕಾಗದಕ್ಕೆ ಇಳಿಸುವುದು ನನ್ನ ಕೆಲಸವಾಯಿತು. ಹಳೇ ಕ್ಯಾಲೆಂಡರುಗಳ ಹಿಂಬದಿಯಲ್ಲಿ ಬರೆಯುತ್ತಿದ್ದೆ.

“ಉಗಿ ಅಂದ್ರೆ ಏನಂತ ಹೇಳ್ಕೊಟ್ಟಾರೆ ನಿಮ್ಮ ಕಾಲೇಜ್ನಾಗೆ?” ಒಂದು ದಿನ ಮಾವ ಕೇಳಿದ.

ಒತ್ತಡ, ಉಷ್ಣತೆ, ಗಾತ್ರ ಎಂದು ಉರು ಹೊಡೆದದ್ದನ್ನು ಒಪ್ಪಿಸಿದೆ. ಅವನು ಪೂರ್ತಿ ಕೇಳಿಸಿಕೊಂಡ.

“ಎಲ್ಲಾ ಸರಿ ಐತೆ. ಅದಕ್ಕೆ ಸಿಟ್ಟು ಬರುತ್ತೆ ಅನ್ನಾದೊಂದು ಬಿಟ್ಟಾರೆ.”

ತಾಮ್ರದ ಕೊಳವೆಗಳ ಕೆಲಸಕ್ಕೆ ಚನ್ನಗಿರಿಯಿಂದ ರಹಮಾನ್ ಸಾಬರು ಬಂದರು. ಊರೂರು ತಿರುಗಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು. ಹಂಡೆ ಬಿಂದಿಗೆಗೆ ಬೆಸುಗೆ ಹಾಕಿದರೆ ಅದು ಎಲ್ಲಿ ಎಂದು ಹುಡುಕಬೇಕು, ಅಂಥ ಕೈ. ಮೊದಲ ದಿನ ಬಾಯ್ಲರಿನ ಸುತ್ತ ಒಂದು ಸುತ್ತು ಬಂದು ಗಡ್ಡ ನೀವಿಕೊಂಡರು.

“ಅಣ್ಣಾ, ಬಿಂದಿಗೆ ಸೋರಿದ್ರೆ ಮನೆಯವ್ರು ಬೈತಾರೆ. ಇದು ಸೋರಿದ್ರೆ?”

“ಬೈಯಾಕೆ ಯಾರೂ ಉಳಿಯಲ್ಲ ಸಾಬ್ರೆ.”

“ಹಂಗಾದ್ರೆ ಚಿಂತಿಲ್ಲ ಬಿಡಿ,” ಎಂದು ಅವರು ಬೆಂಕಿಗೆ ಗಾಳಿ ಊದುವ ತಿದಿ ಬಿಚ್ಚಿದರು.

ಆ ಮಾತನ್ನು ಮನೆಗೆ ಬಂದು ನಗುತ್ತ ಹೇಳಿದೆ. ಗಂಗತ್ತೆ ನಗಲಿಲ್ಲ. ಮಾವನ ಹೆಂಡತಿ ಗಂಗತ್ತೆಯ ತವರು ಕೆರೆಬಿಳಚಿ. ಅವಳು ಸಣ್ಣವಳಿದ್ದಾಗ ಅವಳ ಅಣ್ಣ ಕೆಲಸಕ್ಕಿದ್ದ ಮಿಲ್ಲಿನಲ್ಲಿ ಬಾಯ್ಲರು ಸಿಡಿದು ಅವನ ಒಂದು ಕಣ್ಣು ಹೋಗಿತ್ತು. ಇದನ್ನು ಅತ್ತೆ ಹೇಳಲಿಲ್ಲ, ಅವ್ವನಿಂದ ಆಮೇಲೆ ತಿಳಿಯಿತು. ಮಾವ ಮಿಲ್ಲು ಸೇರಿದಾಗಿನಿಂದ ಅತ್ತೆ ಅದರ ಗೇಟು ದಾಟಿರಲಿಲ್ಲ. ಬುತ್ತಿ ಕೊಡುವುದಿದ್ದರೆ ಗೇಟಿನ ಹೊರಗಿನ ಹುಣಸೇಮರಕ್ಕೆ ಬಂದು ನಿಲ್ಲುತ್ತಿದ್ದಳು.

ಶ್ರಾವಣದಲ್ಲಿ ಬಾಯ್ಲರಿನ ಪರೀಕ್ಷೆ. ಬೆಂಕಿ ಹಾಕುವ ಮೊದಲು ಅದರೊಳಗೆ ತಣ್ಣೀರು ಪೂರ್ತಿ ತುಂಬಿ, ಕೈಪಂಪಿನಿಂದ ಒತ್ತಿ, ನಾಳೆ ಉಗಿ ಒತ್ತುವುದಕ್ಕಿಂತ ಎರಡು ಪಟ್ಟು ಒತ್ತಡ ಏರಿಸಬೇಕು. “ತಣ್ಣೀರು ಸಿಡಿಯಲ್ಲ, ಸೋರುತ್ತೆ ಅಷ್ಟೆ. ನಿಮ್ಮತ್ತೆಗೂ ಇದನ್ನೇ ಹೇಳ್ದೆ, ಬಂದು ನೋಡು ಅಂದೆ. ಬರ್ಲಿಲ್ಲ,” ಎಂದ ಮಾವ. ಮೊದಲ ಸಲ ಏಳು ಕಡೆ ಸೋರಿತು. ಸೋರಿದಲ್ಲೆಲ್ಲ ನಾನು ಸುಣ್ಣದ ಗುರುತು ಹಾಕಿದೆ, ರಹಮಾನ್ ಸಾಬರು ಉಳಿ ಹಿಡಿದು ತಗಡಿನ ಅಂಚನ್ನು ಕುಟ್ಟಿ ಕುಟ್ಟಿ ಕೂರಿಸಿದರು. ಎರಡನೇ ಸಲ ಎರಡು ಕಡೆ. ಮೂರನೇ ಸಲ ಒತ್ತಡ ತೋರಿಸುವ ಮೀಟರಿನ ಮುಳ್ಳು ಏರಿ ನಿಂತಿತು. ಅರ್ಧ ಗಂಟೆ ನಾವು ಮೂವರೂ ಆ ಮುಳ್ಳನ್ನು ನೋಡುತ್ತ ಕೂತೆವು. ಅದು ಅಲುಗಲಿಲ್ಲ. ಸಾಬರು ಮೆಲ್ಲಗೆ, “ಈಗ ಉಸಿರು ಬಿಡಬೌದಾ ಅಣ್ಣಾ?” ಎಂದರು.

ಗೌರಿ ಹಬ್ಬ, ದಸರೆ ಹೋದವು. ಗದ್ದೆಗಳು ಹಸಿರಿನಿಂದ ಹಳದಿಗೆ ತಿರುಗಿದವು. ಹಮಾಲರು ದಿನಾ ಬಂದು ಚುಡಾಯಿಸುತ್ತಿದ್ದರು. “ರುದ್ರಣ್ಣ, ಟಿಕೀಟು ಎಲ್ಲಿ ಕೊಡ್ತೀಯಾ? ಹರಿಹರಕ್ಕೆ ಎರಡು ಕೊಡಪ್ಪ!” ಆದರೆ ಚಕ್ರ ಏರಿಸುವ ದಿನ ಭುಜ ಕೊಟ್ಟವರೂ ಅವರೇ. “ತಳ್ಳಾದು ತಪ್ಪಿದ್ರೆ ಸಾಕು, ಹೊರಾದಂತೂ ಇದ್ದೇ ಐತೆ,” ಎಂದ ಅವರಲ್ಲೊಬ್ಬ.

ಭತ್ತ ಕಣಕ್ಕೆ ಬಿದ್ದದ್ದು ಕಾರ್ತೀಕ ಮುಗಿಯುವ ಹೊತ್ತಿಗೆ. ಬೆಳಿಗ್ಗೆ ಎಂಟಕ್ಕೇ ಗುಜರಿಯ ತಿಪ್ಪೇಶಿ ಲಾರಿ ತಂದು ಹುಣಸೇಮರದ ಕೆಳಗೆ ನಿಲ್ಲಿಸಿದ. ಜಗಳೂರು ಕಡೆಯವನು. ಕೆಳಗಿಳಿದು ಇಂಜಿನ್ನನ್ನು ತಟ್ಟಿ ತಟ್ಟಿ ನೋಡಿ, “ಒಳ್ಳೆ ಮಾಲು ಐತೆ, ಒಡಿಯಾಕೆ ಮನಸ್ಸು ಬರಲ್ಲ,” ಎಂದ. ಮಾವ ಅವನ ಕಡೆ ತಿರುಗಲಿಲ್ಲ. ಜಾಲಿ ಕಟ್ಟಿಗೆಯ ಮೇಲೆ ಹೊಟ್ಟು ಚೆಲ್ಲಿ ಬೆಂಕಿ ಹಚ್ಚಿದ್ದ. ಊರ ಅರ್ಧ ಜನ ಮಿಲ್ಲಿನ ಅಂಗಳದಲ್ಲಿದ್ದರು. ಇಂಜಿನ್ನಿಗೆ ಮಲ್ಲಿಗೆ ಹಾರ, ಬಾಯ್ಲರಿಗೆ ಮೂರು ಗೆರೆ ವಿಭೂತಿ, ಚಕ್ರಕ್ಕೆ ನಿಂಬೆಹಣ್ಣು.

ಆಗ ಗಂಗತ್ತೆ ಬಂದಳು. ಗೇಟು ದಾಟಿ, ಒಳಗೆ. ಹೊಸ ಇಳಕಲ್ ಸೀರೆ, ಕಂಕುಳಲ್ಲಿ ಹಾಲಿನ ಕ್ಯಾನು. ಇಂಜಿನ್ನಿನ ಪಕ್ಕದ ನೀರಿನ ತೊಟ್ಟಿಯ ಹತ್ತಿರ ನಾನಿದ್ದೆ. ಆ ತೊಟ್ಟಿಯ ನೀರನ್ನೇ ಮಾವ ಆಗಾಗ ಬಾಯ್ಲರಿಗೆ ಪಂಪು ಮಾಡುತ್ತಿದ್ದುದು.

“ಮುಚ್ಚಳ ತೆಗಿಯೇ ಸರೋಜಿ.”

“ಯಾಕತ್ತೆ?”

“ಹೊಸಾ ಒಲೆ ಹಚ್ಚಿದ ಮೇಲೆ ಹಾಲು ಉಕ್ಕಿಸದೆ ಬಿಡ್ತಾರೇನೇ?”

ಪಕ್ಕದ ಹೆಂಗಸರೆಲ್ಲ ಹೌದೌದು ಎಂದರು. ಹೊಸ ಮನೆ ಹೊಕ್ಕರೆ, ಹೊಸ ಒಲೆ ಹೂಡಿದರೆ ಹಾಲು ಉಕ್ಕಿಸುವುದು ನಮ್ಮಲ್ಲಿ ಯಾರೂ ಪ್ರಶ್ನೆ ಮಾಡದ ಪದ್ಧತಿ. ನಾನು ಮುಚ್ಚಳ ತೆಗೆದೆ. ಇದನ್ನು ಸ್ಪಷ್ಟವಾಗಿ ಬರೆಯಬೇಕು, ಯಾಕೆಂದರೆ ಬಹಳ ವರ್ಷ ಈ ಭಾಗವನ್ನು ಬಿಟ್ಟೇ ಕತೆ ಹೇಳುತ್ತಿದ್ದೆ. ಮುಚ್ಚಳ ತೆಗೆದವಳು ನಾನು, ವಿಜ್ಞಾನ ಓದಿದವಳು. ಅತ್ತೆ ಕ್ಯಾನು ಪೂರ್ತಿ ಬಗ್ಗಿಸಿದಳು. ಮಾವ ಇಂಜಿನ್ನಿನ ಆ ಬದಿಯಲ್ಲಿ ಕೀಲುಗಳಿಗೆ ಎಣ್ಣೆ ಬಿಡುತ್ತಿದ್ದ. ಅವನಿಗೆ ಕಾಣಲಿಲ್ಲ. ಎದ್ದು ಬಂದವನು ತೊಟ್ಟಿಯ ನೀರನ್ನು ಬಾಯ್ಲರಿಗೆ ಪಂಪು ಮಾಡಿದ.

ಒತ್ತಡ ಏರಿತು. ಸಾವ್ಕಾರರು ತೆಂಗಿನಕಾಯಿ ಒಡೆದರು. ಮಾವ ಉಗಿ ಬಿಡುವ ಸನ್ನೆಗೋಲು ಹಿಡಿದು ಎಳೆದ. ಇಂಜಿನ್ನು ಒಮ್ಮೆ ಕೆಮ್ಮಿತು, ಒಂದು ಮೊಳ ಸರಿಯಿತು, ಆಮೇಲೆ ಅದರ ಚಿಮಣಿಯಿಂದ ಹೊಗೆಯ ಬದಲು ಬೆಳ್ಳಗೆ ನೊರೆ ಬಂತು. ಸಿಳ್ಳೆಯ ಬಾಯಿಂದ ನೊರೆ. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ತುಂಬ ನೊರೆ. ಕಪ್ಪು ಇಂಜಿನ್ನಿನ ಮೈಮೇಲೆಲ್ಲ ಅದು ಬುಸುಬುಸು ಇಳಿಯತೊಡಗಿತು.

“ಹಾಲು ಉಕ್ತು! ಹಾಲು ಉಕ್ತು!” ಜನ ಚಪ್ಪಾಳೆ ಹೊಡೆದರು. ಹೆಂಗಸರು ಕೈಮುಗಿದರು. ಇಷ್ಟು ಚೆನ್ನಾಗಿ ಯಾವ ಮನೆಯಲ್ಲೂ ಉಕ್ಕಿರಲಿಲ್ಲ.

ಮಾವನ ಮುಖ ಸುಣ್ಣವಾಗಿತ್ತು. “ಬೆಂಕಿ ಎಳೀರಿ! ಎಲ್ರೂ ಹಿಂದಕ್ಕೆ ಸರೀರಿ!” ಎಂದು ಕೂಗಿ, ತಾನೇ ಸಲಾಕೆ ಹಾಕಿ ಕೆಂಡವನ್ನೆಲ್ಲ ಹೊರಗೆಳೆದ. ನೊರೆ ಬಂದರೆ ಒಳಗೆ ನೀರು ಎಷ್ಟಿದೆಯೆಂದು ಗೊತ್ತಾಗುವುದಿಲ್ಲ. ನೀರಿಲ್ಲದ ಬಾಯ್ಲರಿನ ಕೆಳಗೆ ಬೆಂಕಿ ಇದ್ದರೆ ಏನಾಗುತ್ತದೆಂದು ಅಲ್ಲಿದ್ದವರಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬ ಮಾವ. ಇನ್ನೊಬ್ಬಳು ಹುಣಸೇಮರದತ್ತ ಹಿಂದೆ ಹಿಂದೆ ಸರಿಯುತ್ತಿದ್ದಳು.

ಕೆಂಡ ಆರಿದ ಮೇಲೆ ಸಾವ್ಕಾರರು ಹತ್ತಿರ ಬಂದರು. “ಏನ್ ರುದ್ರಪ್ಪ, ಇಂಜಿನ್ ಕಟ್ಟು ಅಂದ್ರೆ ಎಮ್ಮೆ ಕಟ್ಟಿದ್ದೀಯಲ್ಲೋ!”

ಅಂಗಳ ಘೊಳ್ಳೆಂದಿತು. ತಿಪ್ಪೇಶಿ ಲಾರಿಯ ಹಿಂಬಾಗಿಲು ಬಿಚ್ಚಿದ.

ಮಾವ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ತೊಟ್ಟಿಗೆ ಬೆರಳದ್ದಿ ಮೂಸಿ ನೋಡಿದ. ನನ್ನ ಮುಖ ನೋಡಿದ. ಯಾರು ಹಾಕಿದ್ದು ಎಂದು ಕೇಳಲಿಲ್ಲ. “ಹೊತ್ತು ಮುಳುಗಾಕೆ ಇನ್ನೂ ಟೈಮ್ ಐತೆ ಸಾವ್ಕಾರ್ರೆ. ಹೊಟ್ಟೆ ತೊಳೆದು ಮತ್ತೆ ನೀರು ತುಂಬ್ತೀನಿ,” ಎಂದ.

“ನೀರು ಎಲ್ಲಿಂದ? ಕರೆಂಟ್ ಹೋಗಿ ಆಗ್ಲೇ ಒಂದು ತಾಸಾಯ್ತು, ಮೋಟ್ರು ಓಡಲ್ಲ.”

“ಹೊಳೆ ಐತಲ್ರೀ.”

ಮೊದಲು ಬಿಂದಿಗೆ ಎತ್ತಿದವಳು ಕಸ ಗುಡಿಸುವ ಹನುಮವ್ವ. “ದಿನಾ ಇವ್ನು ಬರ್ದಿದ್ದು ಅಳ್ಸಿದ್ದೀನಿ, ಇವತ್ತೊಂದಿನ ನೀರು ಹೊತ್ರೆ ಏನ್ ಸವೀತೈತೆ,” ಎಂದು ಹೊಳೆಯತ್ತ ನಡೆದಳು. ಅವಳ ಹಿಂದೆ ಹಮಾಲರು, ಅವರ ಹಿಂದೆ ಚಪ್ಪಾಳೆ ತಟ್ಟಿದ ಹೆಂಗಸರು. ಹೊಳೆಯಿಂದ ಮಿಲ್ಲಿನವರೆಗೆ ಒಂದು ಸಾಲು ನಿಂತಿತು. ಕೊಡ, ಬಕೀಟು, ಎಣ್ಣೆ ಡಬ್ಬ ಕೈಯಿಂದ ಕೈಗೆ ಬಂದವು. ಆದರೆ ಮಾವ ಬಾಯ್ಲರಿಗೆ ಒಂದು ತೊಟ್ಟನ್ನೂ ಬಿಡಗೊಡಲಿಲ್ಲ. ಬಿಸಿ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಸೀಳುತ್ತದೆ, ಆರಬೇಕು. ತುಂಬಿದ ಕೊಡಗಳ ನಡುವೆ ನಾವೆಲ್ಲ ಕಾದೆವು. ನೆರಳು ಗಿಡ್ಡವಾಗಿ ಮತ್ತೆ ಉದ್ದವಾಗತೊಡಗಿತು. ರಹಮಾನ್ ಸಾಬರು ಹೋಗಿ ಮಧ್ಯಾಹ್ನದ ನಮಾಜು ಮುಗಿಸಿ ಬಂದು, ತಮ್ಮ ಅಂಗೈಯನ್ನು ಬಾಯ್ಲರಿನ ಹೊಟ್ಟೆಗೆ ಇಟ್ಟರು, ಜ್ವರ ನೋಡುವ ಹಾಗೆ. “ಈಗ ಹುಯ್ಯಿರಿ.”

ತೊಟ್ಟಿಯನ್ನೂ ಬಾಯ್ಲರನ್ನೂ ಎರಡು ಸಲ ತೊಳೆದೆವು. ಮೊದಲ ಸಲ ಮಜ್ಜಿಗೆಯಂಥ ನೀರು ಬಂತು, ಎರಡನೇ ಸಲ ತಿಳಿನೀರು. ಮೂರನೇ ಸಲ ತುಂಬುವುದಕ್ಕೆ ಸಾಲು ಸುಸ್ತಾಗಿತ್ತು. ಆಗ ತಿಪ್ಪೇಶಿ ಲಾರಿಯಿಂದ ಇಳಿದು ನನ್ನ ಪಕ್ಕ ಸಾಲಿಗೆ ಸೇರಿದ.

“ನಮ್ಮೂರಾಗೆ ಕುಡಿಯಾಕೆ ನೀರಿಲ್ಲ ಕಣ್ರವ್ವಾ, ನೀವು ಕಬ್ಬಿಣಕ್ಕೆ ಕುಡಿಸ್ತಿದೀರಿ!” ಎಂದು ಬೈಯುತ್ತಲೇ ಕೊಡ ದಾಟಿಸಿದ.

“ನೀನ್ಯಾಕೆ ಬಂದಿ ಮಾರಾಯಾ? ಇದು ಓಡಿದ್ರೆ ನಿನ್ ಲಾರಿ ಖಾಲಿ ಹೋಗುತ್ತಲ್ಲ?” ಎಂದಳು ಹನುಮವ್ವ.

“ನೀರಿನ ಸಾಲು ಕಂಡ್ರೆ ಕಾಲು ತಾನೇ ಹೋಗಿ ನಿಂತ್ಕಂತಾವೆ ಕಣವ್ವಾ. ಜಗಳೂರು ಅಭ್ಯಾಸ.”

ಮತ್ತೆ ಬೆಂಕಿ ಹಚ್ಚಿದಾಗ ಬಿಸಿಲು ಹೊಳೆಯ ಆಚೆಗೆ ಓರೆಯಾಗಿತ್ತು. ಗಾಜಿನ ಕೊಳವೆಯಲ್ಲಿ ನೀರು ತಿಳಿಯಾಗಿ ನಿಂತಿತ್ತು. ಹಮಾಲರು ಎರಡೂ ಟ್ರಾಲಿಗಳಿಗೆ ಹೊಸ ಭತ್ತದ ಚೀಲ ಒಟ್ಟಿದರು. ಮುಳ್ಳು ಏರಿತು. ಮಾವ ಏರಿ ನಿಂತು ಸನ್ನೆಗೋಲನ್ನು ಮೆಲ್ಲಗೆ, ಮಲಗಿದ ಮಗುವಿನ ಕೆಳಗಿಂದ ಕೈ ತೆಗೆಯುವಷ್ಟು ಮೆಲ್ಲಗೆ ಎಳೆದ.

ಚಕ್ರ ನಿಂತಲ್ಲೇ ಗಿರ್ರನೆ ಸುತ್ತಿತು. ಚೆಲ್ಲಿದ ನೀರಿಗೆ ಹಳಿ ಜಾರುತ್ತಿತ್ತು. ರಹಮಾನ್ ಸಾಬರು ಎರಡು ಹಿಡಿ ಹೊಳೆಮರಳು ತಂದು ಚಕ್ರದ ಮುಂದೆ ಹಳಿಯ ಮೇಲೆ ಉದುರಿಸಿದರು. ಹಿಡಿಯಿತು. ಛಕ್. ಟ್ರಾಲಿಯ ಕೊಂಡಿ ಬಿಗಿಯಾಗಿ ಟಣ್ ಎಂದಿತು. ಛಕ್. ಛಕ್. ಇಂಜಿನ್ನು ಹೊರಟಿತು. ಹಮಾಲರು ಅಭ್ಯಾಸಬಲದಿಂದ ಟ್ರಾಲಿಗೆ ಭುಜ ಕೊಡಲು ಓಡಿದರು, ಹತ್ತಿರ ಹೋಗಿ ನೋಡಿದರೆ ತಳ್ಳುವುದಕ್ಕೆ ಏನೂ ಉಳಿದಿರಲಿಲ್ಲ; ಖಾಲಿ ಕೈಯಲ್ಲಿ ಅದರ ಜೊತೆ ಓಡತೊಡಗಿದರು. ನಾವೆಲ್ಲ ಓಡಿದೆವು. ಏರು ಬಂದಾಗ ಅದರ ಉಸಿರು ದಪ್ಪವಾಯಿತು, ಸಾವ್ಕಾರರು ತಮಗರಿವಿಲ್ಲದೆ “ಬಾ, ಬಾ, ಬಾ” ಎನ್ನುತ್ತಿದ್ದರು, ಕರುವನ್ನು ಕರೆಯುವ ಹಾಗೆ. ಏರು ಹತ್ತಿತು. ಮಿಲ್ಲಿನ ಬಾಗಿಲಲ್ಲಿ ನಿಂತಿತು. ಹೊತ್ತು ಇನ್ನೂ ಒಂದು ಮಾರು ಮೇಲಿತ್ತು ಎಂದು ದಿನಚರಿ ಹೇಳುತ್ತದೆ, ಇಲ್ಲಿ ನಾನೂ ದಿನಚರಿಯೂ ಒಂದೇ ಮಾತು.

“ತಿಪ್ಪೇಶಿ, ಲಾರಿ ತಿರುಗ್ಸಪ್ಪ!” ಎಂದರು ಸಾವ್ಕಾರರು. “ನಮ್ಮೆಮ್ಮೆ ಮಾರಾದಿಲ್ಲ.” ತಿಪ್ಪೇಶಿ ತಾನೇ ಒಂದು ಸಲ ಇಂಜಿನ್ನಿನ ಸಿಳ್ಳೆ ಹೊಡೆಸಿಯೇ ಹೋಗುತ್ತೇನೆಂದು ಹಠ ಹಿಡಿದ. ಹೊಡೆಸಿದ. ಹೊಳೆಯ ಆಚೆ ದಂಡೆಯಿಂದ ಯಾರೋ ಕೂಗಿ ಉತ್ತರಿಸಿದರು. ರೈಲಿಲ್ಲದ ಊರಿಗೆ ಅವತ್ತು ರೈಲು ಬಂದಿತ್ತು, ನಮ್ಮ ಅಂಗಳದಲ್ಲೇ ಹುಟ್ಟಿ.

ಮಾವ ಜನರ ತಲೆಯ ಮೇಲಿಂದ ಹುಣಸೇಮರದ ಕಡೆ ನೋಡಿ, “ಏ ಗಂಗಾ, ಬಾ ಇಲ್ಲಿ,” ಎಂದು ಕರೆದ. ಅತ್ತೆ ಎರಡನೇ ಸಲ ಗೇಟು ದಾಟಿ ಬಂದಳು. ಮಾವ ಕೈ ಕೊಟ್ಟು ಮೇಲೆ ಹತ್ತಿಸಿಕೊಂಡ. ಖಾಲಿ ಟ್ರಾಲಿಗಳೊಂದಿಗೆ ಕಣಕ್ಕೆ ಮರಳುವಾಗ ಅವಳು ಕಣ್ಣು ಮುಚ್ಚಿಕೊಂಡಿದ್ದಳೋ ನಗುತ್ತಿದ್ದಳೋ ನನಗೆ ನೆನಪಿಲ್ಲ. ದಿನಚರಿಯೂ ಹೇಳುವುದಿಲ್ಲ. ನಾನು ಆಗ ಚಕ್ರ ನೋಡುತ್ತಿದ್ದೆ.

ಎಮ್ಮೆ ಎಂಬ ಹೆಸರೇ ಉಳಿಯಿತು. ಮಿಲ್ಲು ನಡೆದಷ್ಟು ವರ್ಷ ಪ್ರತಿ ಸುಗ್ಗಿಯಲ್ಲೂ ಅದು ಓಡಿತು, ಒಂದು ದಿನವೂ ಯಾರಿಗೂ ಗಾಯ ಮಾಡಲಿಲ್ಲ. ಮಾವ ಈಗಿಲ್ಲ. ಹಾಲಿನ ವಿಷಯವನ್ನು ಅವನು ಯಾವತ್ತೂ ಎತ್ತಲಿಲ್ಲ. ಊರಿನವರ ಬಾಯಲ್ಲಿ ಅದು ‘ಪಾಪ, ಗಂಗಮ್ಮಗೆ ಗೊತ್ತಾಗಲಿಲ್ಲ’ ಎಂಬ ನಗುವಿನ ಕತೆಯಾಗಿ ಉಳಿಯಿತು. ನನ್ನ ಬಾಯಲ್ಲೂ.

ಆದರೆ ಕಳೆದ ತಿಂಗಳು ದಿನಚರಿ ತಿರುವುವಾಗ, ಇಂಜಿನ್ನು ಓಡುವುದಕ್ಕೆ ಹದಿನೈದು ದಿನ ಮುಂಚಿನ ಪುಟವೊಂದರಲ್ಲಿ ಹೀಗಿತ್ತು: ‘ರಾತ್ರಿ ಊಟಕ್ಕೆ ಕೂತಾಗ ಮಾವ ಹೇಳಿದ, ಬಾಯ್ಲರಿಗೆ ನೀರು ತರುವ ಕೊಡ ಬೇರೆ ಇಡಬೇಕು, ಹಾಲು ಮಜ್ಜಿಗೆ ಮುಟ್ಟಿದ ಪಾತ್ರೆ ಕೂಡದು, ಜಿಡ್ಡು ಬಿದ್ದರೆ ನೊರೆ ಎದ್ದು ಇಂಜಿನ್ನು ಓಡುವುದಿಲ್ಲ.’ ಇದನ್ನು ಬರೆದ ನಾನೇ ಹದಿನೈದು ದಿನಕ್ಕೆ ಮರೆತು ಮುಚ್ಚಳ ತೆಗೆದಿದ್ದೆ. ಹಾಗಾಗಿ ಇನ್ನೊಬ್ಬರು ಮರೆಯಲಾರರು ಎನ್ನುವ ಅಧಿಕಾರ ನನಗಿಲ್ಲ. ಅವತ್ತು ಬಡಿಸುತ್ತಿದ್ದವರು ಯಾರೆಂದು ಬರೆದಿಲ್ಲ. ಆ ಮನೆಯಲ್ಲಿ ಬಡಿಸುತ್ತಿದ್ದವಳು ಒಬ್ಬಳೇ.

ಮರುದಿನ ಹೊನ್ನಾಳಿಗೆ ಹೋದೆ. ಅತ್ತೆ ಒಲೆಯ ಮುಂದೆ ನಿಂತಿದ್ದಳು, ಹಾಲು ಕಾಯಲು ಇಟ್ಟಿತ್ತು. ಆ ಪುಟ ಓದಿ ಹೇಳಿ, ಒಂದು ಮಾತು ಕೇಳಿದೆ. ಅವಳು ಹಾಲಿನ ಮೇಲಿಟ್ಟ ಕಣ್ಣು ಕೀಳಲಿಲ್ಲ. ಕೆನೆ ನಡುಗಿ ಮೇಲೇಳುತ್ತಿದ್ದಂತೆ, ಉಕ್ಕುವುದಕ್ಕೆ ಒಂದು ಕ್ಷಣ ಮುಂಚೆ, ಉರಿ ತಗ್ಗಿಸಿದಳು. ಲೋಟಕ್ಕೆ ಬಗ್ಗಿಸಿ, “ಕುಡಿ, ಆರೋಗ್ತೈತೆ,” ಎಂದಳು. ಕುಡಿದೆ. ಆಮೇಲೆ ಪತ್ರದಲ್ಲೂ ಅದನ್ನೇ ಕೇಳಿದ್ದೇನೆ, ಎಲ್ಲದಕ್ಕೂ ಉತ್ತರ ಬಂದಿದೆ, ಅದೊಂದಕ್ಕೆ ಇಲ್ಲ.

ಅತ್ತೆ, ಅವತ್ತು ನೀನು ಹಾಲು ಹುಯ್ದದ್ದು ಉಕ್ಕಲಿ ಅಂತಲೋ, ಇಂಜಿನ್ನು ನಿಲ್ಲಲಿ ಅಂತಲೋ?